ಇಬ್ಬರನ್ನೂ ಎತ್ತಿಕೊಳ್ಳೋಣ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನೂ ಅವಳ ಮಗುವನ್ನೂ ನೋಡಿ ಬರಲು ಅವಳ ತವರಿಗೆ ಹೋಗಿದ್ದೆ. ಎರಡನೆಯ ಹೆರಿಗೆ. ಹೆಣ್ಣು ಮಗು ಹುಟ್ಟಿ ಇಪ್ಪತ್ತೆರಡು ದಿನಗಳಾಗಿದ್ದವು. ಒಳಕೋಣೆಯಲ್ಲಿ ಬಾಣಂತಿ, ಪಕ್ಕದಲ್ಲಿ ತೊಟ್ಟಿಲು, ಸುತ್ತಲೂ ನಾಲ್ಕೈದು ಮಂದಿ ಹೆಂಗಸರು. ಮೂಗು ಯಾರದು, ಬಣ್ಣ ಯಾರದು ಎಂಬ ಮಾತು ನಡೆಯುತ್ತಿತ್ತು. ನಾನೂ ಎಲ್ಲರಂತೆ ಮಗುವಿನ ಪುಟ್ಟ ಕೈಯಲ್ಲಿ ಒಂದು ನೋಟನ್ನಿಟ್ಟು ದುಆ ಮಾಡಿದೆ.

ಆಗ ಕಪಾಟಿನ ಮರೆಯಲ್ಲಿ ನಿಂತಿದ್ದ ಹುಡುಗ ಕಣ್ಣಿಗೆ ಬಿದ್ದ. ಅವನು ಹಿರಿಯ ಮಗ, ಎರಡೂವರೆ ವರ್ಷದವನು. ಅವನ ದೃಷ್ಟಿ ಆ ನೋಟಿನ ಮೇಲಿತ್ತು. "ಬಾ ಮಗಾ" ಎಂದು ಕರೆದೆ, ಬರಲಿಲ್ಲ. ಅಲ್ಲಿದ್ದ ಹೆಂಗಸೊಬ್ಬರು ನಗುತ್ತಾ, "ಇನ್ನು ನೀನು ಯಾರಿಗೂ ಬೇಡ. ಉಮ್ಮನಿಗೆ ಹೊಸ ಪಾಪು ಬಂತಲ್ಲ! ನಿನ್ನನ್ನು ನಾನು ಕರೆದುಕೊಂಡು ಹೋಗಲಾ?" ಎಂದರು. ಎಲ್ಲರೂ ನಕ್ಕರು. ಹುಡುಗ ಮಾತ್ರ ನಗಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಅವನು ಮೆಲ್ಲನೆ ತೊಟ್ಟಿಲ ಬಳಿ ಬಂದ. ಮಗುವಿನ ಕಾಲನ್ನು ಚಿವುಟಿದ. ಮಗು ಕಿರುಚಿತು, ಮರುಕ್ಷಣವೇ ಅವನ ಬೆನ್ನಿಗೆ ಉಮ್ಮನ ಏಟು ಬಿತ್ತು. ಅವನು ಅಳಲಿಲ್ಲ. ನಿಂತಲ್ಲಿಯೇ ಚಡ್ಡಿಯಲ್ಲಿ ಮೂತ್ರ ಮಾಡಿಕೊಂಡ. ಅಜ್ಜಿ ಗೊಣಗುತ್ತಾ ಅವನನ್ನು ಎಳೆದುಕೊಂಡು ಹೋದರು. ಬಂದವರೆಲ್ಲ ಹೋದ ಬಳಿಕ ಬಾಣಂತಿ ಬಿಕ್ಕಿ ಬಿಕ್ಕಿ ಅತ್ತಳು. "ಟೀಚರ್, ಇವನು ಹೀಗಿರಲಿಲ್ಲ. ಬಚ್ಚಲಿಗೆ ಹೋಗಬೇಕೆಂದು ಬಾಯಿಬಿಟ್ಟು ಹೇಳುತ್ತಿದ್ದ. ನಾನೂ ಹೀಗೆ ಹೊಡೆಯುವವಳಾಗಿರಲಿಲ್ಲ. ನನಗೆ ಇವನ ಮೇಲೆ ಪ್ರೀತಿ ಕಡಿಮೆಯಾಯಿತಾ?"

ಪ್ರಿಯ ಸಹೋದರಿಯರೇ, ಈ ಪ್ರಶ್ನೆ ಅವಳೊಬ್ಬಳದಲ್ಲ. ಮನೆಯಲ್ಲಿ ಎಳೆಯ ಮಗುವಿರುವಾಗಲೇ ಇನ್ನೊಂದು ಮಗುವನ್ನು ಹೆತ್ತ ನಮ್ಮಲ್ಲಿ ಅನೇಕರು ರಾತ್ರಿಯ ಕತ್ತಲಲ್ಲಿ ತಮ್ಮನ್ನೇ ಹೀಗೆ ಕೇಳಿಕೊಂಡಿದ್ದಾರೆ. ಅದಕ್ಕಾಗಿ ಈ ತಿಂಗಳು ಇದರ ಬಗ್ಗೆಯೇ ಬರೆಯುತ್ತಿದ್ದೇನೆ.

ಆ ಹುಡುಗನ ಜಾಗದಲ್ಲಿ ನಿಂತು ಒಮ್ಮೆ ನೋಡೋಣ. ಒಂದು ರಾತ್ರಿ ಉಮ್ಮ ನೋವಿನಿಂದ ನರಳುತ್ತಾ ಕಾರು ಹತ್ತಿ ಹೋದಳು. ಎಲ್ಲಿಗೆ, ಏಕೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ಕೆಲವು ದಿನ ಬಿಟ್ಟು ಬಂದಾಗ ಅವಳ ಮಡಿಲಲ್ಲಿ ಇನ್ನೊಂದು ಮಗು! ಅವನು ಮಲಗುತ್ತಿದ್ದ ಜಾಗದಲ್ಲಿ ಈಗ ಅದು ಮಲಗಿದೆ. ಅವನು ಕುಡಿಯುತ್ತಿದ್ದ ಹಾಲನ್ನು ಅದು ಕುಡಿಯುತ್ತಿದೆ. ತನ್ನ ಮನೆ, ಅಂಗಳ, ಪಕ್ಕದ ಮನೆಯ ಗೆಳೆಯ ಯಾವುದೂ ಇಲ್ಲಿ ಇಲ್ಲ. ತಂದೆ ದೂರದ ಗಲ್ಫಿನಲ್ಲಿದ್ದಾರೆ. ಉಮ್ಮನ ಬಳಿ ಹೋದರೆ "ಮುಟ್ಟಬೇಡ", "ಶಬ್ದ ಮಾಡಬೇಡ", "ನೀನೀಗ ದೊಡ್ಡವನು" ಎಂಬ ಮಾತು. ಒಂದೇ ತಿಂಗಳಲ್ಲಿ ಇಷ್ಟೆಲ್ಲ ಕಳೆದುಕೊಂಡವರು ದೊಡ್ಡವರಾಗಿದ್ದರೆ ನಾವು ಸಾಂತ್ವನ ಹೇಳಲು ಹೋಗುತ್ತಿದ್ದೆವು. ಅವನು ಚಿಕ್ಕವನಾದ್ದರಿಂದ ಹಠಮಾರಿ ಎಂದು ಕರೆಯುತ್ತೇವೆ!

ಬಿಟ್ಟಿದ್ದ ಬಾಟಲಿಯನ್ನು ಮತ್ತೆ ಕೇಳುವುದು, ಬಟ್ಟೆಯಲ್ಲೇ ಮೂತ್ರ ಮಾಡಿಕೊಳ್ಳುವುದು, ತೊದಲು ಮಾತನಾಡುವುದು, ಊಟಕ್ಕೆ ಹಠ, ಮಗುವನ್ನು ಹೊಡೆಯುವುದು, ಇವೆಲ್ಲ ಹೊಸ ಮಗು ಬಂದ ಮನೆಗಳಲ್ಲಿ ಸಾಮಾನ್ಯವೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಮಗುವಾದರೆ ಉಮ್ಮ ಎತ್ತಿಕೊಳ್ಳುತ್ತಾಳೆ ಎಂಬುದನ್ನು ಅವನು ಕಣ್ಣಾರೆ ಕಾಣುತ್ತಿದ್ದಾನೆ, ಹಾಗಾಗಿ ತಾನೂ ಮಗುವಾಗಲು ನೋಡುತ್ತಾನೆ. ಗದರದೆ, ಹೊಡೆಯದೆ ಜೊತೆಗಿದ್ದರೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಇದು ತಾನಾಗಿ ಇಳಿಯುತ್ತದೆ. ಏಟು ಬಿದ್ದರೆ, ತನಗಿದ್ದ ಸಂಶಯವೇ ನಿಜವೆಂದು ಅವನಿಗೆ ಖಾತ್ರಿಯಾಗುತ್ತದೆ.

ಪವಿತ್ರ ಕುರ್‌ಆನಿನ ಯೂಸುಫ್ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಯೂಸುಫ್(ಅ)ರ ಅಣ್ಣಂದಿರು ಬೆಳೆದ ಗಂಡಸರು. ಆದರೂ ತಂದೆಗೆ ತಮಗಿಂತ ಯೂಸುಫ್ ಮತ್ತು ಅವನ ತಮ್ಮನೇ ಹೆಚ್ಚು ಪ್ರಿಯರು ಎಂಬ ಭಾವನೆ ಅವರನ್ನು ಸುಟ್ಟಿತು. ತಂದೆಯ ಮುಖ ತಮ್ಮ ಕಡೆಗೆ ಮಾತ್ರ ಇರಬೇಕೆಂದು ಅವರು ತಮ್ಮನನ್ನು ಬಾವಿಗೆ ತಳ್ಳುವಷ್ಟು ಮುಂದುವರಿದರು. ಯಅ್‌ಕೂಬ್(ಅ) ಅವರದು ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಹೆತ್ತವರ ಮುಖ ತನ್ನ ಕಡೆ ತಿರುಗಲಿ ಎಂಬ ಹಸಿವು ಎಷ್ಟು ದೊಡ್ಡದು ಎಂಬುದನ್ನು ಆ ಕಥೆ ತೋರಿಸುತ್ತದೆ. ಬೆಳೆದ ಗಂಡಸರಿಗೇ ತಾಳಲಾಗದ್ದನ್ನು ಎರಡೂವರೆ ವರ್ಷದ ಕೂಸು ತಾಳಿಕೊಳ್ಳಲಿ ಎಂದು ನಾವು ಬಯಸುವುದೇ?

ಇನ್ನೊಂದು ಮನೆಯನ್ನೂ ನೋಡೋಣ. ಅದು ಫಾತಿಮಾ(ರ) ಅವರ ಮನೆ. ಹಸನ್(ರ) ಹುಟ್ಟಿದ್ದು ಹಿಜರಿ 3ರ ರಮಝಾನಿನಲ್ಲಿ, ಹುಸೈನ್(ರ) ಹುಟ್ಟಿದ್ದು ಹಿಜರಿ 4ರ ಶಅಬಾನಿನಲ್ಲಿ ಎಂಬುದು ಚರಿತ್ರೆಕಾರರ ಪ್ರಸಿದ್ಧ ಅಭಿಪ್ರಾಯ. ಅಂದರೆ ಇಬ್ಬರ ನಡುವೆ ಒಂದು ವರ್ಷದ ಅಂತರವೂ ಇರಲಿಲ್ಲ! ಬೀಸುವ ಕಲ್ಲು ತಿರುಗಿಸಿ ಕೈ ನೋಯುತ್ತದೆಂದು ಆಳು ಕೇಳಲು ತಂದೆಯ ಮನೆಗೆ ಹೋದವರೂ ಇದೇ ಫಾತಿಮಾ(ರ). ಪ್ರವಾದಿವರ್ಯರು(ಸ) ಆ ರಾತ್ರಿ ಮಗಳ ಮನೆಗೆ ತಾವೇ ಬಂದು, ಮಲಗುವಾಗ 33 ಬಾರಿ ಸುಬ್‌ಹಾನಲ್ಲಾಹ್, 33 ಬಾರಿ ಅಲ್‌ಹಮ್ದುಲಿಲ್ಲಾಹ್, 34 ಬಾರಿ ಅಲ್ಲಾಹು ಅಕ್ಬರ್ ಹೇಳಲು ಕಲಿಸಿದರು. ಈ ತಸ್‌ಬೀಹ್ ನಮಗೆಲ್ಲ ಬಾಯಿಪಾಠ. ಆದರೆ ದಣಿದ ಮಗಳ ಮಾತು ಕೇಳಿ ತಂದೆ ರಾತ್ರಿಯೇ ಎದ್ದು ಬಂದರು ಎಂಬುದನ್ನು ಮರೆತಿದ್ದೇವೆ. ದಣಿವು ನಾಚಿಕೆಯ ವಿಷಯವಲ್ಲ. ಅದನ್ನು ಹೇಳಿಕೊಂಡ ಮಗಳನ್ನು ಪ್ರವಾದಿವರ್ಯರು(ಸ) ಗದರಲಿಲ್ಲ.

ಆ ಇಬ್ಬರು ಮೊಮ್ಮಕ್ಕಳು ತುಸು ನಡೆಯಲು ಕಲಿತ ಕಾಲದ ಒಂದು ಘಟನೆಯನ್ನು ಬುರೈದಾ(ರ) ವರದಿ ಮಾಡಿದ್ದಾರೆ. ಅಬೂದಾವೂದ್, ತಿರ್ಮಿದಿ ಗ್ರಂಥಗಳಲ್ಲಿ ಅದಿದೆ. ಪ್ರವಾದಿವರ್ಯರು(ಸ) ಮಿಂಬರಿನ ಮೇಲೆ ಖುತ್ಬಾ ಕೊಡುತ್ತಿದ್ದರು. ಕೆಂಪು ಅಂಗಿ ತೊಟ್ಟ ಹಸನ್, ಹುಸೈನ್ ಎಡವುತ್ತಾ ಏಳುತ್ತಾ ಬಂದರು. ಪ್ರವಾದಿವರ್ಯರು(ಸ) ಮಾತು ನಿಲ್ಲಿಸಿ ಕೆಳಗಿಳಿದು ಇಬ್ಬರನ್ನೂ ಎತ್ತಿಕೊಂಡು ಬಂದು ತಮ್ಮ ಮುಂದೆ ಕೂರಿಸಿಕೊಂಡರು. ಅವರು ಎಡವುವುದನ್ನು ಕಂಡು ತನಗೆ ತಡೆಯಲಾಗಲಿಲ್ಲ ಎಂದು ಜನರಿಗೆ ತಿಳಿಸಿದರು. ಚಿಕ್ಕವನನ್ನು ಎತ್ತಿಕೊಂಡು, ದೊಡ್ಡವನಿಗೆ ನಡೆದು ಬಾ ಎನ್ನಲಿಲ್ಲ. ಇಬ್ಬರನ್ನೂ ಎತ್ತಿಕೊಂಡರು. ನಮ್ಮ ಮನೆಗಳಲ್ಲಿ ನಾವು ಕಲಿಯಬೇಕಾದದ್ದು ಇಷ್ಟೇ.

ಆದರೆ ಹೇಗೆ? ಬಾಣಂತಿಗೆ ಎರಡೇ ಕೈ. ಎಳೆಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ ಹಾಲು ಕುಡಿಯುತ್ತದೆ. ಸಿಸೇರಿಯನ್ ಆಗಿದ್ದರೆ ದೊಡ್ಡ ಮಗುವನ್ನು ಎತ್ತಲು ಡಾಕ್ಟರು ಬಿಡುವುದೂ ಇಲ್ಲ. ಎತ್ತಿಕೊಳ್ಳುವುದೆಂದರೆ ಸೊಂಟದ ಮೇಲೆ ಕೂರಿಸುವುದೊಂದೇ ಅಲ್ಲ. ನಾನು ಅವಳಿಗೆ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ.

ಮಗುವಿಗೆ ಹಾಲುಣಿಸುವ ಹೊತ್ತೇ ಹಿರಿಯ ಮಗು ಹೆಚ್ಚು ಕೆರಳುವ ಹೊತ್ತು. ಆಗ ಅವನನ್ನು ಹೊರಗೆ ಅಟ್ಟಬೇಡಿ. ಇನ್ನೊಂದು ಮಗ್ಗುಲಲ್ಲಿ ಕೂರಿಸಿ. ಅವನು ಹುಟ್ಟಿದ ದಿನದ ಕಥೆ ಹೇಳಿ. ನೀನೂ ಇಷ್ಟೇ ಚಿಕ್ಕವನಿದ್ದೆ, ನಿನ್ನನ್ನೂ ಹೀಗೇ ಮಡಿಲಲ್ಲಿಟ್ಟುಕೊಂಡಿದ್ದೆ ಎಂದು ಹೇಳಿ. ತನ್ನ ಕಥೆಯನ್ನು ನೂರು ಸಲ ಕೇಳಿದರೂ ಮಗುವಿಗೆ ಬೇಸರವಿಲ್ಲ. ದಿನಕ್ಕೊಮ್ಮೆ ಎಳೆಗೂಸು ನಿದ್ರಿಸುವಾಗ ಹತ್ತು ನಿಮಿಷವಾದರೂ ಅವನೊಬ್ಬನೊಂದಿಗೆ ಇರಿ. ಆ ಹೊತ್ತಿನಲ್ಲಿ ಫೋನು ಕೈಯಲ್ಲಿರಬಾರದು.

"ನೀನೀಗ ದೊಡ್ಡವನು" ಎಂಬ ಮಾತನ್ನು ಕಡಿಮೆ ಮಾಡಿ. ಅವನು ದೊಡ್ಡವನಲ್ಲ. ಬೇಕಿದ್ದರೆ ಪುಟ್ಟ ಕೆಲಸ ಕೊಡಿ. ಮಗುವಿನ ಬಟ್ಟೆ ತಂದುಕೊಡಲಿ, ಮಗು ಸೀನಿದಾಗ ಅಲ್‌ಹಮ್ದುಲಿಲ್ಲಾಹ್ ಎಂದು ಹೇಳಲಿ. ಮಾಡದಿದ್ದರೆ ಒತ್ತಾಯ ಬೇಡ. ಆದರೆ ಒಂದು ಎಚ್ಚರಿಕೆ: ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಟ್ಟು ಒಂದು ನಿಮಿಷವೂ ಆಚೆ ಹೋಗಬೇಡಿ. ಸಿಟ್ಟಿನಿಂದ ಮಾತ್ರವಲ್ಲ, ಪ್ರೀತಿಯಿಂದಲೂ ಅವನು ಮಗುವಿನ ಬಾಯಿಗೆ ಕಡಲೆ ಹಾಕಬಹುದು, ಮುಖದ ಮೇಲೆ ದಿಂಬು ಇಡಬಹುದು.

ಮೊಲೆಹಾಲಿನ ವಿಷಯದಲ್ಲಿ ನಮ್ಮಲ್ಲಿ ಒಂದು ನಂಬಿಕೆಯಿದೆ. ತಾಯಿ ಮತ್ತೆ ಗರ್ಭಿಣಿಯಾದರೆ ಹಾಲು ಕೆಡುತ್ತದೆ ಎಂದು ಬೇವೋ ಇನ್ನೇನೋ ಹಚ್ಚಿ ಒಂದೇ ದಿನದಲ್ಲಿ ಬಿಡಿಸುತ್ತಾರೆ. ಪ್ರವಾದಿವರ್ಯರು(ಸ) ಒಮ್ಮೆ 'ಗೀಲಾ'ವನ್ನು ನಿಷೇಧಿಸಲು ಯೋಚಿಸಿದ್ದರು, ಆದರೆ ರೋಮನರೂ ಪರ್ಶಿಯನರೂ ಹಾಗೆ ಮಾಡಿಯೂ ಅವರ ಮಕ್ಕಳಿಗೆ ತೊಂದರೆಯಾಗದ್ದನ್ನು ಕಂಡು ನಿಷೇಧಿಸಲಿಲ್ಲ ಎಂದು ಸಹೀಹ್ ಮುಸ್ಲಿಮಿನಲ್ಲಿದೆ. ಹಾಲುಣಿಸುವ ಕಾಲದ ದಾಂಪತ್ಯ ಅಥವಾ ಗರ್ಭಿಣಿಯಿರುವಾಗ ಹಾಲುಣಿಸುವುದು ಎಂದು ವಿದ್ವಾಂಸರು ಆ ಪದವನ್ನು ವಿವರಿಸಿದ್ದಾರೆ. ಆರೋಗ್ಯವಾಗಿರುವ ತಾಯಿಯ ಹಾಲು ಗರ್ಭದಿಂದ ವಿಷವಾಗುವುದಿಲ್ಲವೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಬಿಡಿಸಲೇಬೇಕಾದರೆ ಹೆರಿಗೆಗೆ ತಿಂಗಳುಗಳ ಮೊದಲೇ ನಿಧಾನವಾಗಿ ಬಿಡಿಸಿ. ಮಲಗುವ ಜಾಗ ಬದಲಿಸುವುದಿದ್ದರೂ ಆಗಲೇ ಬದಲಿಸಿ. ಹೊಸ ಮಗು ಬಂದ ವಾರವೇ ಹಾಲೂ ಹೋಯಿತು, ಹಾಸಿಗೆಯೂ ಹೋಯಿತು ಎಂದಾಗಬಾರದು.

ಗಂಡಂದಿರಿಗೂ ಒಂದು ಮಾತು. ಅಲ್ ಬಕರ ಅಧ್ಯಾಯದ 233ನೇ ಸೂಕ್ತದಲ್ಲಿ ಎರಡು ವರ್ಷದ ಒಳಗೆ ಹಾಲು ಬಿಡಿಸುವುದಾದರೆ ತಂದೆ ತಾಯಿ ಇಬ್ಬರೂ ಒಪ್ಪಿ, ಸಮಾಲೋಚಿಸಿ ಮಾಡಬಹುದೆಂದಿದೆ. ಹಾಲು ಬಿಡಿಸುವಂತಹ ವಿಷಯದಲ್ಲೂ ತಂದೆ ಕೂತು ಮಾತನಾಡಬೇಕಾದರೆ, ಮಕ್ಕಳ ಅಳು ಹೆಂಗಸರ ಪಾಲಿನದು ಎಂದು ಅವನು ತಪ್ಪಿಸಿಕೊಳ್ಳುವುದು ಹೇಗೆ? ಪ್ರವಾದಿವರ್ಯರು(ಸ) ಮನೆಯಲ್ಲಿರುವಾಗ ಮನೆಯವರ ಸೇವೆಯಲ್ಲಿರುತ್ತಿದ್ದರು ಎಂದು ಆಯಿಶಾ(ರ) ತಿಳಿಸಿದ್ದಾರೆ. ಊರಲ್ಲಿರುವವರು ಸಂಜೆ ಹಿರಿಯ ಮಗುವನ್ನು ಹೊರಗೆ ಸುತ್ತಾಡಿಸಿ ತರಲಿ. ಗಲ್ಫಿನಲ್ಲಿರುವವರು ವೀಡಿಯೊ ಕರೆಯಲ್ಲಿ "ಪಾಪುವನ್ನು ತೋರಿಸು" ಎನ್ನುವ ಮೊದಲು ಹಿರಿಯ ಮಗುವಿನ ಹೆಸರು ಹಿಡಿದು ಕರೆಯಲಿ. ಖರ್ಚಿಲ್ಲದ ಕೆಲಸವಿದು.

ಇನ್ನು ಬಾಣಂತಿಯ ಮನಸ್ಸು. ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಅದು ಎರಡು ವಾರ ಕಳೆದರೂ ಹೋಗದಿದ್ದರೆ, ಮಗು ಮಲಗಿದರೂ ನಿದ್ದೆ ಬಾರದಿದ್ದರೆ, ಮಕ್ಕಳಿಗೋ ತನಗೋ ಏನಾದರೂ ಮಾಡಿಕೊಳ್ಳುತ್ತೇನೆಂಬ ಹೆದರಿಕೆ ಹುಟ್ಟಿದರೆ ಕೂಡಲೇ ವೈದ್ಯರ ಬಳಿ ಹೋಗಬೇಕು. ಅದು ಕಾಯಿಲೆ, ಈಮಾನಿನ ಕೊರತೆಯಲ್ಲ. ಅದಕ್ಕೆ ಚಿಕಿತ್ಸೆಯಿದೆ. ದುಆ ಮಾಡಿ, ಔಷಧಿಯನ್ನೂ ತೆಗೆದುಕೊಳ್ಳಿ. ಹೆರಿಗೆಯ ನಂತರ 180 ದಿನ ಕಬ್ಬಿಣಾಂಶದ ಮಾತ್ರೆ ಸೇವಿಸಬೇಕೆಂಬುದು ನಮ್ಮ ಸರಕಾರದ ಆರೋಗ್ಯ ಕಾರ್ಯಕ್ರಮದಲ್ಲೇ ಇದೆ. ಮಾತ್ರೆ ಕಪಾಟಿನಲ್ಲಿ ಉಳಿದು, ರಕ್ತವಿಲ್ಲದ ತಾಯಿ ಸಣ್ಣದಕ್ಕೂ ಸಿಡುಕುವ ಮನೆಗಳನ್ನು ನಾನು ನೋಡಿದ್ದೇನೆ.

ಇಷ್ಟೆಲ್ಲ ಹೇಳುವ ನಾನು ತಪ್ಪು ಮಾಡದವಳಲ್ಲ. ನನ್ನ ಎರಡನೆಯ ಮಗುವಿನ ಬಾಣಂತನದಲ್ಲಿ ಎರಡು ವರ್ಷದ ಹಿರಿಯ ಮಗಳು ಒದ್ದೆ ಕೈಯಿಂದ ಮಲಗಿದ್ದ ಮಗುವನ್ನು ಮುಟ್ಟಿ ಎಬ್ಬಿಸಿದಳೆಂದು ಕೆನ್ನೆಗೆ ಹೊಡೆದಿದ್ದೆ. ಅವಳು ಬಾಗಿಲ ಹಿಂದೆ ಹೋಗಿ ಕುಳಿತಳು. ಮಗು ಮತ್ತೆ ನಿದ್ರಿಸಿದ ಬಳಿಕ ಹೋಗಿ ನೋಡಿದರೆ ಅಲ್ಲೇ ನೆಲದಲ್ಲಿ ನಿದ್ದೆ ಹೋಗಿದ್ದಳು. ಅವಳಿಗಿಂದು ಅದರ ನೆನಪಿಲ್ಲ. ನನಗೆ ಆ ಬಾಗಿಲು ಈಗಲೂ ಕಾಣುತ್ತದೆ. ಆದ್ದರಿಂದ ಆ ದಿನ ಬಾಣಂತಿಗೆ ಹೇಳಿದೆ: "ಪ್ರೀತಿ ಕಡಿಮೆಯಾಗಿಲ್ಲ ಮಗಳೇ, ನಿದ್ದೆ ಕಡಿಮೆಯಾಗಿದೆ. ಅವನನ್ನು ಕರೆದು ಹತ್ತಿರ ಕೂರಿಸು. ಹೊಡೆದದ್ದು ತಪ್ಪಾಯಿತು ಎಂದು ಅವನಿಗೇ ಹೇಳು. ಉಮ್ಮ ಮಗನಲ್ಲಿ ತಪ್ಪೊಪ್ಪಿಕೊಂಡರೆ ಉಮ್ಮ ಚಿಕ್ಕವಳಾಗುವುದಿಲ್ಲ."

ಮೊನ್ನೆ ಅವಳು ಫೋನ್ ಮಾಡಿದ್ದಳು. "ಚಿವುಟುವುದು ಪೂರ್ತಿ ನಿಂತಿಲ್ಲ ಟೀಚರ್. ರಾತ್ರಿ ಚಡ್ಡಿಯೂ ಒದ್ದೆಯಾಗುತ್ತದೆ. ಆದರೆ ನಿನ್ನೆ ಪಾಪು ಅತ್ತಾಗ ಅಡುಗೆಮನೆಗೆ ಓಡಿಬಂದು, 'ಉಮ್ಮಾ, ನಮ್ಮ ಪಾಪು ಅಳುತ್ತದೆ' ಎಂದ" ಎಂದಳು. ಅಲ್‌ಹಮ್ದುಲಿಲ್ಲಾಹ್! ಇಪ್ಪತ್ತೆರಡನೆಯ ದಿನ 'ಉಮ್ಮನ ಪಾಪು' ಆಗಿದ್ದದ್ದು ಈಗ 'ನಮ್ಮ ಪಾಪು' ಆಗಿದೆ.

ಕೊನೆಗೆ, ಮಗು ನೋಡಲು ಹೋಗುವ ನಮಗೆಲ್ಲ ಒಂದು ಮಾತು. ಮಕ್ಕಳಿಗೆ ಕೊಡುವುದರಲ್ಲಿ ನ್ಯಾಯ ಪಾಲಿಸಬೇಕೆಂದು ಪ್ರವಾದಿವರ್ಯರು(ಸ) ನುಅ್‌ಮಾನ್ ಬಿನ್ ಬಶೀರ್(ರ) ಅವರ ತಂದೆಗೆ ಬೋಧಿಸಿದ್ದರು. ಅದು ಹೆತ್ತವರಿಗೆ ಹೇಳಿದ್ದಾದರೂ ಬಂಧುಗಳಿಗೂ ಅದರಲ್ಲಿ ಪಾಠವಿದೆ. ಇನ್ನು ಮುಂದೆ ಯಾವುದೇ ಮನೆಗೆ ಹೊಸ ಮಗುವನ್ನು ನೋಡಲು ಹೋಗುವಾಗ ಪರ್ಸಿನಲ್ಲಿ ಎರಡು ನೋಟು ಇಟ್ಟುಕೊಳ್ಳಿ. ಮೊದಲನೆಯದನ್ನು ಕಪಾಟಿನ ಮರೆಯಲ್ಲಿ ನಿಂತ ಮಗುವಿನ ಕೈಗೆ ಕೊಡಿ. ನಂತರ ಅವನ ಕೈ ಹಿಡಿದು, "ನಿನ್ನ ತಂಗಿಯನ್ನು ನನಗೆ ತೋರಿಸುತ್ತೀಯಾ?" ಎಂದು ಕೇಳಿ, ಅವನ ಜೊತೆಯಲ್ಲೇ ತೊಟ್ಟಿಲ ಬಳಿ ಹೋಗಿ.