ಕೇಳಿದರೂ ಅದು ಓದೇ!



"ಮೊಬೈಲ್ ಬಿಡು, ಪುಸ್ತಕ ಹಿಡಿ" ಅಂತ ಮನೆಯಲ್ಲೂ ಶಾಲೆಯಲ್ಲೂ ಹೇಳ್ತಾರೆ. ಮಾತು ಸರಿಯೇ. ಆದರೆ ಪುಸ್ತಕವೇ ಮೊಬೈಲ್ ಒಳಗೆ ಬಂದು ಕೂತಿದ್ದರೆ ಏನು ಮಾಡೋದು?

ನಮ್ಮ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಶುರುವಾಯಿತು. ಅದೇ ವರ್ಷ ಮೈಲ್ಯಾಂಗ್ ಎಂಬ ಆ್ಯಪ್ ಕನ್ನಡದ ಇ-ಪುಸ್ತಕ, ಆಡಿಯೋ ಪುಸ್ತಕ ಎರಡನ್ನೂ ತಂದಿತು. ಕಣ್ಣು ಕಾಣದವರಿಗಾಗಿ 2016ರಲ್ಲೇ ಸುಗಮ್ಯ ಪುಸ್ತಕಾಲಯ ಬಂದಿತ್ತು.

"ಪುಸ್ತಕ ಕೇಳೋದು ಸೋಮಾರಿಗಳ ಕೆಲಸ" ಅಂತ ಕೆಲವರು ಅಂತಾರೆ. ನಾನು ಒಪ್ಪೋದಿಲ್ಲ. ಅಕ್ಷರ ಬಾರದ ನಮ್ಮ ಹಿರಿಯರಿಗೆ ಕುಮಾರವ್ಯಾಸ ಭಾರತ ಗೊತ್ತಾಗಿದ್ದು ಹೇಗೆ? ಗಮಕಿಗಳು ಹಾಡಿದರು, ಪಕ್ಕದವರು ಅರ್ಥ ಬಿಡಿಸಿದರು, ಊರೆಲ್ಲ ಕೂತು ಕೇಳಿತು. ಅವರನ್ನು ಸೋಮಾರಿಗಳು ಅನ್ನೋಕೆ ಆಗುತ್ತಾ?

ನಮ್ಮ ಬಂಗಾರಪೇಟೆ ಕಡೆಗಂತೂ ಕೇಳುವ ಪುಸ್ತಕ ಬೇಕೇ ಬೇಕು. ನಮ್ಮಲ್ಲಿ ಎಷ್ಟೋ ಮಂದಿಯ ಮನೆಮಾತು ತೆಲುಗು, ಕೆ.ಜಿ.ಎಫ್. ಕಡೆ ತಮಿಳು. ಕನ್ನಡ ಪಾಠ ಓದುವಾಗ ಒತ್ತಕ್ಷರ ಬಂದರೆ ನಾಲಿಗೆ ತಡವರಿಸುತ್ತೆ. ಕಿವಿಯಲ್ಲಿ ಕೇಳುತ್ತಾ ಸಾಲಿನ ಮೇಲೆ ಬೆರಳಿಟ್ಟು ಹೋದರೆ ಉಚ್ಚಾರ ತಾನಾಗಿ ತಿದ್ದಿಕೊಳ್ಳುತ್ತೆ.

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಈಗ ಎಷ್ಟೋ ಮನೆಯವರು ದಿನಾ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾರೆ. ಮಾರಿಕುಪ್ಪಂ ರೈಲಿನಲ್ಲಿ ನಿಲ್ಲೋಕೇ ಜಾಗ ಇಲ್ಲದಿದ್ದಾಗ ಪುಸ್ತಕ ಬಿಡಿಸೋದು ಎಲ್ಲಿ? ಆದರೆ ಕಿವಿಗೆ ಬಿಡುವಿದೆ. ನಮ್ಮ ಅಮ್ಮನಿಗೆ ಓದೋಕೆ ಬರಲ್ಲ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವಾಗ, ಹಾಲು ಕರೆಯುವಾಗ ಅವರೂ ಕೇಳಬಹುದಲ್ವಾ?

ಕೇಳೋದಾದರೂ ಏನನ್ನ? ನಾನು ಹುಡುಕಿದಾಗ ಕಥೆ, ಕಾದಂಬರಿ ಬೇಗ ಸಿಕ್ಕವು. ವಿಜ್ಞಾನ, ಆರೋಗ್ಯ, ಬೇಸಾಯ, ಇತಿಹಾಸ ಸಿಕ್ಕಿದ್ದು ಕಡಿಮೆ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮಕ್ಕಳಿಗಾಗಿ 'ಬಾಲಪ್ರಪಂಚ'ದ ಮೂರು ಸಂಪುಟ ಕೊಟ್ಟರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ತಂತಿ ಎಳೆದು ಕೆ.ಜಿ.ಎಫ್.ಗೆ ಕರೆಂಟು ತಂದದ್ದು ಹೇಗೆ? ಮೂರು ಕಿ.ಮೀ.ಗೂ ಆಳದ ಸುರಂಗದ ಸೆಕೆಯಲ್ಲಿ ಜನ ಉಸಿರಾಡಿದ್ದು ಹೇಗೆ? ಇಂಥದ್ದು ನಮ್ಮ ಭಾಷೆಯಲ್ಲಿ ಕೇಳಲು ಸಿಗಬೇಕು. ಇಲ್ಲದಿದ್ದರೆ ತಿಳುವಳಿಕೆ ಇಂಗ್ಲಿಷ್ ಬಲ್ಲವರಿಗೆ, ರೀಲ್ಸ್ ನಮಗೆ ಅಂತ ಆಗಿಬಿಡುತ್ತೆ.

ಅಚ್ಚಿನ ಪುಸ್ತಕ ಬೇಡ ಅಂತ ನಾನು ಹೇಳ್ತಿಲ್ಲ. ನಕಾಶೆ, ಲೆಕ್ಕ, ಚಿತ್ರ ಕಿವಿಗೆ ದಕ್ಕೋದಿಲ್ಲ. ಹಿಂದಿನ ಪುಟ ತಿರುವಿ ನೋಡುವ ಅನುಕೂಲವೂ ಕಾಗದದಲ್ಲೇ ಹೆಚ್ಚು. ಮನೆಗೊಂದೇ ಮೊಬೈಲ್ ಇದ್ದು, ಅದೂ ಅಪ್ಪನ ಜೊತೆ ರೈಲು ಹತ್ತಿದರೆ ನಮಗೆ ಉಳಿಯೋದು ಕಾಗದದ ಪುಸ್ತಕವೇ.

ಅದಕ್ಕೆ ಗುರುಗಳಲ್ಲಿ ಒಂದು ವಿನಂತಿ. ಶನಿವಾರದ ಕೊನೆಯ ಪೀರಿಯಡ್‌ನಲ್ಲಿ ಒಂದು ಅಧ್ಯಾಯ ಎಲ್ಲರೂ ಕೂತು ಕೇಳೋಣ. ಮೊಬೈಲ್ ಇಲ್ಲದ ಮನೆಯವರಿಗೂ ಸಿಗುತ್ತೆ. ಆಮೇಲೆ ನಾವೇ ಗಣಿಯಲ್ಲಿ ದುಡಿದ ತಾತಂದಿರನ್ನು, ಬೇಸಾಯ ಬಲ್ಲ ಹಿರಿಯರನ್ನು ಕೇಳಿ ಬರೆದು, ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡೋಣ. ಬೇರೆಯವರ ಪುಸ್ತಕ ಓದಿ ಹಂಚಬೇಕಾದರೆ ಅವರ ಒಪ್ಪಿಗೆ ಬೇಕು. ನಮ್ಮ ಊರಿನ ವಿಷಯಕ್ಕೆ ನಮ್ಮ ತಾತ ಒಪ್ಪಿದರೆ ಸಾಕು!

ನೀವೇನಂತೀರಿ? ಒಪ್ಪದಿದ್ದವರು ಮುಂದಿನ ಸಂಚಿಕೆಗೆ ಬರೆಯಿರಿ.

— 10ನೇ ತರಗತಿ ವಿದ್ಯಾರ್ಥಿನಿ