ಜೀಪು ಬಂದು ಹೋಯಿತು

ಬಾಲಮಂದಿರದಿಂದ ಅಜ್ಜಿಯ ಮನೆಗೆ ಮರಳಿದ್ದ ಹುಡುಗನನ್ನು ನೋಡಲು ನಮ್ಮ ಬೀದಿಗೆ ಇಲಾಖೆಯ ಜೀಪು ಬಂತು. ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ನಿಂತಿತು. ಬಂದವರು ಕೂರಲಿಲ್ಲ. ಅಜ್ಜಿಯ ಎದುರಿಗೇ, "ಚೆನ್ನಾಗಿ ನೋಡ್ಕೋತಾರೇನೋ?" ಎಂದು ಹುಡುಗನನ್ನು ಕೇಳಿದರು. ಅವನು ತಲೆಯಾಡಿಸಿದ. ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡರು. ಹತ್ತು ನಿಮಿಷದಲ್ಲಿ ವರದಿ ಸಿದ್ಧ.

ಟೀಸಿ ಇಲ್ಲವೆಂದು ಶಾಲೆಯವರು ವಾಪಸು ಕಳಿಸಿದ್ದನ್ನು ಹುಡುಗ ನನಗೆ ಹೇಳಿದ್ದು ಎರಡು ದಿನದ ಮೇಲೆ, ಜಗುಲಿಯಲ್ಲಿ ಸುಮ್ಮನೆ ಕೂತಿದ್ದಾಗ. ರೇಷನ್ ಕಾರ್ಡಿನಲ್ಲಿ ಮೊಮ್ಮಗನ ಹೆಸರಿಲ್ಲವೆಂಬ ಅಜ್ಜಿಯ ಚಿಂತೆಯನ್ನು ಯಾರೂ ಕೇಳಿರಲೇ ಇಲ್ಲ.

2015ರ ಬಾಲನ್ಯಾಯ ಕಾಯ್ದೆ ಮಗುವಿನ ಮಾತು ಕೇಳಿ ಎನ್ನುತ್ತದೆ. ಸಾಮಾಜಿಕ ತನಿಖೆಯನ್ನು 15 ದಿನದೊಳಗೆ ಮುಗಿಸಿ ಎನ್ನುತ್ತದೆ. ಮನೆಯಲ್ಲಿ ಎಷ್ಟು ಹೊತ್ತು ಕೂರಬೇಕೆಂದು ಹೇಳುವುದಿಲ್ಲ. ಅದನ್ನೂ ಕಾಯ್ದೆಯೇ ಕಲಿಸಬೇಕೆ?

ಕೆಲಸ ಹೆಚ್ಚು, ಜನ ಕಡಿಮೆ ಎನ್ನುತ್ತಾರೆ. ನಿಜ. ಹಾಗಿದ್ದರೆ ಜನ ಬೇಕೆಂದು ಸರ್ಕಾರವನ್ನು ಕೇಳಿ. ಕೇಳದ ಮಾತನ್ನು ವರದಿಯಲ್ಲಿ ಬರೆಯಬೇಡಿ.

ಜೀಪನ್ನು ಬೀದಿಯ ತುದಿಯಲ್ಲೇ ನಿಲ್ಲಿಸಿ, ನಡೆದು ಬನ್ನಿ. ಚಾಪೆಯ ಮೇಲೆ ಕೂತು ಅಜ್ಜಿಯ ಕಷ್ಟ ಕೇಳಿ. ಹುಡುಗನೊಬ್ಬನನ್ನೇ ಕೂರಿಸಿಕೊಂಡು ಮಾತಾಡಿಸಿ. ಮತ್ತೆ ಯಾವತ್ತು ಬರುತ್ತೀರೆಂದು ಹೇಳಿ ಹೋಗಿ. ಹೇಳಿದ ದಿನ ತಪ್ಪದೆ ಬನ್ನಿ.