ಕೈಬಿಟ್ಟದ್ದೂ ಕೈಯಿಂದ ನೀಗಿದ್ದೂ

ದಿನದ ಕೆಲಸವು ಚೆನ್ನಾಗಿ ಸಾಗಿತೆಂದು ಹೇಳಬೇಕಾದಾಗ ಡೆನ್ಮಾರ್ಕದ ಜನರು ಬಳಸುವ ನುಡಿಗಟ್ಟೊಂದುಂಟು. ಅದರ ಉಚ್ಚಾರವು ಸುಮಾರಾಗಿ ‘ಫೊ ನೋದ್ ಫ್ರಾ ಹೊನೆನ್’ ಎಂದಾಗುವದು. ಅಕ್ಷರಶಃ ಬಿಡಿಸಿದರೆ ‘ಏನಾದರೊಂದನ್ನು ಕೈಯಿಂದ ಆಚೆಗೆ ಮಾಡಿಕೊಳ್ಳುವದು’ ಎಂದಾಗುತ್ತದೆ. ರೂಢಿಯ ಅರ್ಥವು, ಕೈಯಲ್ಲಿ ಹಿಡಿದ ಕೆಲಸವನ್ನು ಪೂರೈಸಿ ಅದರಿಂದ ಬಿಡುಗಡೆ ಹೊಂದುವದು ಎಂದು. ಇದನ್ನು ಕಲಿಯುವದಕ್ಕೆ ಈಗ ಯಾರೂ ಹಡಗು ಹತ್ತಬೇಕಾಗಿಲ್ಲ. ಗೋಪನಕೊಪ್ಪದ ಮನೆಗಟ್ಟೆಯ ಮೇಲೆ ಕುಳಿತ ತರುಣನು ಅಂಗೈಯಗಲದ ಮೊಬೈಲಿನಿಂದಲೇ ಕಲಿಯಬಲ್ಲನು. ಕಲಿತ ಮೇಲೆ ಅದನ್ನು ಅವನು ಏನು ಮಾಡುತ್ತಾನೆಂಬದೇ ವಿಚಾರದ ವಿಷಯ.

ಇಂಥ ಕಲಿಕೆಯನ್ನು ಕಂಡು ನಗುವವರಿದ್ದಾರೆ. ಹುಬ್ಬಳ್ಳಿಯ ಒಡಲಲ್ಲಿ ಕರಗಿಹೋದ ಒಂದು ಕೊಪ್ಪದವರಿಗೆ, ಅರವತ್ತು ಲಕ್ಷದಷ್ಟು ಜನರಾಡುವ ದೂರದೇಶದ ನುಡಿಯಿಂದಾಗುವ ಪ್ರಯೋಜನವೇನೆಂದು ಅವರು ಕೇಳುತ್ತಾರೆ. ಈ ಪ್ರಶ್ನೆಗೆ ಬಹಳ ಹೊತ್ತು ಉತ್ತರ ಹೇಳುವ ಕಾರಣವಿಲ್ಲ. 1853ರಲ್ಲಿ ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ಲರು ಇದೇ ಪ್ರಶ್ನೆಯನ್ನು ಹಾಕಿಕೊಂಡು ಸುಮ್ಮನೆ ಕುಳಿತಿದ್ದರೆ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟು ಹುಟ್ಟುತ್ತಿದ್ದಿಲ್ಲ. ಧಾರವಾಡದ ಒಂದು ಮಹಾವಿದ್ಯಾಲಯಕ್ಕೆ ಅವರ ಹೆಸರೂ ಬರುತ್ತಿದ್ದಿಲ್ಲ. ಆ ಪುಣ್ಯಾತ್ಮರು ಶಬ್ದಕ್ಕೆ ಬರಿಯ ಅರ್ಥ ಬರೆದು ತೃಪ್ತರಾಗಲಿಲ್ಲ. ಜನರ ಬಾಯಲ್ಲಿದ್ದ ಗಾದೆಗಳನ್ನೇ ಆಯ್ದು ಅದರ ಕೆಳಗೆ ಇರಿಸಿದರು. ಪರಭಾಷೆಯನ್ನು ಕಲಿತವನು ಕೆಡುವದಿಲ್ಲ. ಕೆಡುವವನು ಬೇರೆ.

ಕಲಿತ ನುಡಿಗಟ್ಟನ್ನು ಮರುದಿನವೇ ಹೋಳುಹೋಳು ಮಾಡಿ, ಹೋಳಿಗೊಂದು ಕನ್ನಡ ಶಬ್ದವನ್ನು ಅಂಟಿಸಿ, ಇದೋ ಹೊಸ ಸಂಪತ್ತೆಂದು ಸಾರತಕ್ಕವನೇ ಕೆಡುವವನು, ಓದುವವರನ್ನೂ ಕೆಡಿಸುವವನು. ಮೇಲಿನ ಡೇನಿಶ್ ಮಾತನ್ನು ಅವನ ಕೈಯಲ್ಲಿ ಕೊಟ್ಟು ನೋಡಿರಿ. ‘ಕೈಯಿಂದ’ ಎಂಬದಕ್ಕೆ ಕೈ, ‘ಆಚೆಗೆ’ ಎಂಬದಕ್ಕೆ ಬಿಡು, ಕೂಡಿದರೆ ‘ಕೈಬಿಡು’. ‘ಇಂದು ಮೂರು ಕೆಲಸಗಳನ್ನು ಕೈಬಿಟ್ಟೆನು’ ಎಂದು ಅವನು ಹಿಗ್ಗಿನಿಂದ ಬರೆಯುವನು. ಓದಿದವರು ಅಯ್ಯೋ ಪಾಪ ಎನ್ನುವರು! ವೈದ್ಯರು ಕೈಬಿಟ್ಟ ರೋಗಿ, ಗಂಡ ಕೈಬಿಟ್ಟ ಹೆಣ್ಣುಮಗಳು, ದೇವರೂ ಕೈಬಿಟ್ಟ ಊರು — ಕನ್ನಡದಲ್ಲಿ ಈ ಶಬ್ದದ ನಂಟಸ್ತಿಕೆ ಇಂಥವರ ಸಂಗಡ. ‘ಕೈಯಿಂದ ಹೋಯಿತು’ ಎಂದರೂ ಅದೇ ಗತಿ. ಹೊಲವು ಸಾಲದಲ್ಲಿ ಮುಳುಗಿ ಸಾಹುಕಾರನ ಪಾಲಾದಾಗ ಒಕ್ಕಲಿಗನು ಆಡುವ ಮಾತು ಅದು.

ಇದು ಅಕಸ್ಮಾತ್ತಾದುದಲ್ಲ. ಡೇನಿಶ್ ನುಡಿಗಟ್ಟಿನಲ್ಲಿ ಮುಗಿದ ಕೆಲಸವು ಕೈಯಿಂದ ಹೊರಗೆ ಹೋಗುವದು. ಕನ್ನಡದಲ್ಲಿ ಅದು ಬಹುಮಟ್ಟಿಗೆ ಕೈಗೇ ಬರುವದು. ಎಣಿಸಿದ್ದು ಕೈಗೂಡಿತು, ಹಣ ಕೈಸೇರಿತು, ಬೆಳೆ ಕೈಗೆ ಬಂತು, ಮಗ ಕೈಗೆ ಬಂದ. ಮುಂಗಾರಿಯನ್ನು ನಂಬಿ ಎರೆಹೊಲದಲ್ಲಿ ಕೂರಿಗೆ ಹೂಡಿದವನಿಗೆ, ರಾಶಿ ಮನೆ ಸೇರುವ ತನಕ ಕೆಲಸವು ಮುಗಿದಂತಲ್ಲ. ಆದುದರಿಂದ ಅವನ ಮಾತು ಕೈಯ ಕಡೆಗೇ ಹರಿಯಿತು. ಅದೇ ಮಳೆ ತಪ್ಪಿದರೆ ‘ಮಳೆ ಕೈಕೊಟ್ಟಿತು’ ಎನ್ನುವನು. ಕೈ ಕೊಡುವದೆಂದರೆ ನೆರವಾಗುವದೆಂದು ತಿಳಿದ ಪರದೇಶಸ್ಥನು ಇದನ್ನು ಕೇಳಿ ಸಂತೋಷಪಟ್ಟರೆ ತಪ್ಪು ಯಾರದು? ಡೇನಿಶದಲ್ಲಿ ಇನ್ನೊಂದು ಗಾದೆಯಿದೆ: ಬೆಳಗಿನ ಹೊತ್ತಿಗೆ ಬಾಯಲ್ಲಿ ಬಂಗಾರ ಎಂದು. ನಸುಕಿನಲ್ಲಿ ಎದ್ದು ದುಡಿದರೆ ಲಾಭವುಂಟೆಂದು ಅದರ ಅಭಿಪ್ರಾಯ. ಬಾಯಲ್ಲಿ ಬಂಗಾರದ ಚೂರು ಇಡುವ ಪ್ರಸಂಗವು ಈ ಕಡೆಯ ಕೆಲವು ಮನೆತನಗಳಲ್ಲಿ ಯಾವಾಗ ಬರುವದೆಂಬದನ್ನು ಬಲ್ಲವರಿಗೆ, ಅಂಥ ಬೆಳಗು ಬೇಡವೇ ಬೇಡವೆನಿಸೀತು.

ಹಾಗೆಂದು, ಪರಭಾಷೆಯ ಮಾತು ಕನ್ನಡಕ್ಕೆ ಬರಲಾರದೆಂದು ಕೈಕಟ್ಟಿ ಕೂಡ್ರುವದೂ ಸೋಮಾರಿತನವೇ. ಆ ಡೇನಿಶ್ ಮಾತಿನ ಶಬ್ದಗಳನ್ನು ಬದಿಗಿಟ್ಟು, ಅದರ ಒಳಗಿನ ಭಾರವಿಳಿದ ಭಾವವನ್ನು ಹಿಡಿದುಕೊಂಡು ಹುಡುಕಿದರೆ, ಸಿಗುವ ಕನ್ನಡ ಶಬ್ದವು ಹುಬ್ಬಳ್ಳಿಯ ಓಣಿಯಲ್ಲಿಯೇ ಇದೆ: ನೀಗು. ‘ಹಸಿವು ನೀಗಿತು’ ಎಂದರೆ ತೊಲಗಿತು. ‘ಅವನ ಕೈಲೆ ನೀಗೂದಿಲ್ಲ’ ಎಂದರೆ ಅವನಿಂದ ಪೂರೈಸಲಾಗದು. ‘ಸಂಸಾರ ನೀಗಿಸಿದಳು’ ಎಂದರೆ, ಇದ್ದುದರಲ್ಲಿಯೇ ತೂಗಿಸಿ ದಡ ಮುಟ್ಟಿಸಿದಳು. ತೊಲಗಿಸುವದು ಮತ್ತು ಪೂರೈಸುವದು, ಈ ಎರಡೂ ಒಂದೇ ಶಬ್ದದಲ್ಲಿ ಕೂಡಿವೆ. ಡೇನಿಶರು ನಾಲ್ಕು ಶಬ್ದಗಳಿಂದ ಹೇಳುವದನ್ನು ಈ ಎರಡಕ್ಷರಗಳು ಹೇಳುತ್ತವೆ. ಇದು ಹಳ್ಳಿಗರ ಮಾತೆಂದು ಮೂಗು ಮುರಿಯುವವರು ಹಳಗನ್ನಡವನ್ನು ತೆರೆದು ನೋಡಲಿ, ಅಲ್ಲಿಯೂ ಇದು ಇದೆ. ಡೇನಿಶ್ ಕಲಿತುದರಿಂದ ಒಬ್ಬ ತರುಣನಿಗೆ ತನ್ನ ಅಜ್ಜಿಯ ಮಾತಿನ ಬೆಲೆ ತಿಳಿದರೆ, ಆ ಕಲಿಕೆಯ ಖರ್ಚು ಬಡ್ಡಿಸಹಿತ ಬಂದಂತೆಯೇ.

ಡೇನಿಶರ ಇತಿಹಾಸವೂ ಇದನ್ನೇ ತೋರಿಸುವದು. ಅವರ ವಿದ್ವಾಂಸರು ಒಂದು ಕಾಲಕ್ಕೆ ಲ್ಯಾಟಿನ್ನಿನಲ್ಲಿ ಮುಳುಗಿದ್ದರು. ಗ್ರುಂಟ್‌ವಿಗ್ (1783–1872) ಎಂಬ ಪಾದ್ರಿಗಳು ಲ್ಯಾಟಿನ್ ಶಾಲೆಗಳನ್ನು ಸಾವಿನ ಶಾಲೆಗಳೆಂದು ಜರೆದು, ಒಕ್ಕಲಿಗರ ಮಕ್ಕಳಿಗೆ ತಾಯ್ನುಡಿಯ ಜೀವಂತ ಮಾತಿನಿಂದಲೇ ವಿದ್ಯೆ ದೊರೆಯಬೇಕೆಂದು ಹೋರಾಡಿದರು. ಅಂಥ ಮೊದಲನೆಯ ಜನತಾ ಶಾಲೆಯು 1844ರಲ್ಲಿ ರೋಡಿಂಗ್ ಎಂಬಲ್ಲಿ ತೆರೆಯಿತು. 1882ರಲ್ಲಿ ಯೆಡ್ಡಿಂಗ್ ಎಂಬ ಊರಿನ ಒಕ್ಕಲಿಗರು ಕೂಡಿ ಸಹಕಾರಿ ಹಾಲಿನ ಕೇಂದ್ರವನ್ನು ನಡೆಯಿಸತೊಡಗಿದರು. ಇಂಥ ಸಂಘಗಳಲ್ಲಿ ಮತವು ತಲೆಗೊಂದೇ ಹೊರತು ದನಕ್ಕೊಂದಲ್ಲ ಎಂಬ ಮಾತು ಹುಟ್ಟಿತು. ಡೇನಿಶದಲ್ಲಿ ತಲೆಗಳಿಗೂ ದನಗಳಿಗೂ ಒಂದು ಸ್ವರದಷ್ಟೇ ಭೇದವಾದುದರಿಂದ ಆ ಮಾತಿಗೆ ಬಂದ ಸೊಗಸು ಮತ್ತೊಂದು ಭಾಷೆಗೆ ಬಾರದು. ಕೆಲಸವಿದ್ದಲ್ಲಿ ನುಡಿಗಟ್ಟು ತಾನಾಗಿ ಹುಟ್ಟಿತು.

ಇತ್ತ ಕನ್ನಡಿಗರೂ ಹಿಂದೆ ಈ ವಿವೇಕವನ್ನು ತೋರಿಸಿದವರೇ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರ ಸಹಕಾರಿ ಸಂಘವನ್ನು ಕಟ್ಟಿದರು. ಅದರ ಕಾಯದೆಯು ಇಂಗ್ಲಿಷಿನದು. ಆದರೆ ಅಂಥ ಸಂಘಗಳಿಗೆ ಹೆಸರು ಬಂದದ್ದು ಪೇಟೆಯಲ್ಲಿ ಒಬ್ಬನ ಮಾತಿಗಿರುವ ನಂಬಿಗೆಯನ್ನು ಸೂಚಿಸುವ ‘ಪತ್ತು’ ಎಂಬ ಬಳಕೆಯ ಶಬ್ದದಿಂದ. ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯವರು 1947ರ ಸುಮಾರಿಗೆ ಡೆನ್ಮಾರ್ಕದ ಜನತಾ ಶಾಲೆಗಳ ಮಾದರಿಯನ್ನೇ ಇಟ್ಟುಕೊಂಡು ನಂಜನಗೂಡಿನಲ್ಲಿ ಶಾಲೆ ತೆರೆದಾಗ, ಅದನ್ನು ವಿದ್ಯಾಪೀಠವೆಂದು ಕರೆದರು. ವಸ್ತುವನ್ನು ತಂದರು, ಹೆಸರನ್ನು ಮನೆಯಲ್ಲಿಯೇ ಇಟ್ಟರು.

ಈಗಿನವರು ಮಾಡುವದು ಇದರ ತಿರುವುಮುರುವು. ದಿನವೆಲ್ಲ ದುಡಿದು ಬಂದವನನ್ನು ಕೇಳಿದರೆ ‘ಇವತ್ತು ಪ್ರೊಡಕ್ಟಿವ್ ಆಗಿತ್ತು’ ಎನ್ನುವನು. ಕನ್ನಡಾಭಿಮಾನವು ಮೈಮೇಲೆ ಬಂದಿದ್ದರೆ ‘ಉತ್ಪಾದಕ ದಿನ’ ಎನ್ನುವನು. ಉತ್ಪಾದಕತೆ ಎಂಬದು ಗಿರಣಿಯ ಲೆಕ್ಕದ ಪುಸ್ತಕಕ್ಕೆ ಒಪ್ಪುವ ಶಬ್ದ. ಅಲ್ಲಿ ಅದು ಇರಲಿ, ಯಾರೂ ಜಗಳವಾಡರು. ಆದರೆ ಅಡಿಗೆ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸಿ, ಅತ್ತೆಯ ಔಷಧವನ್ನು ನೋಡಿ, ಸಂಜೆಗೆ ನಾಲ್ಕು ರವಿಕೆ ಹೊಲಿದು ಮುಗಿಸಿದ ಹೆಣ್ಣುಮಗಳ ದಿನವನ್ನು ಆ ಶಬ್ದದಿಂದ ಅಳೆದರೆ ನಾಲ್ಕು ರವಿಕೆಗಳು ಮಾತ್ರ ಲೆಕ್ಕಕ್ಕೆ ಬರುವವು. ಉಳಿದುದೆಲ್ಲ ಏನಾಯಿತು? ನೀಗಿತು ಎಂದರೆ ಎಲ್ಲವೂ ಬರುವದು. ಶಬ್ದವು ಬದಲಾದೊಡನೆ ಯಾರ ದುಡಿಮೆಯು ದುಡಿಮೆಯೆನ್ನಿಸುವದೆಂಬದೂ ಬದಲಾಗುತ್ತದೆ, ಜಗಳವಿರುವದು ಇಲ್ಲಿ.

ಗೋಪನಕೊಪ್ಪದ ನೆರೆಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪಿತವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ಬಾಗಲಕೋಟೆಯ ಕಡೆಯ ಹಳ್ಳಿಗಳಲ್ಲಿ ನೂತು ನೆಯ್ದ ಬಟ್ಟೆಯು ಅಲ್ಲಿಗೆ ಬಂದು, ಬಣ್ಣ ಏರಿ, ಚಕ್ರ ಮೂಡಿ, ಹೊಲಿಗೆಯಾಗಿ ರಾಷ್ಟ್ರಧ್ವಜವಾಗುವದು. ಆ ಕೆಲಸದಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ. 2021ರ ಡಿಸೆಂಬರ 30ರಂದು ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ಮಾಡಿದ ಮತ್ತು ಪಾಲಿಯೆಸ್ಟರಿನ ಧ್ವಜಗಳಿಗೂ ಅನುಮತಿ ಕೊಡಲಾಯಿತು. ಉತ್ಪಾದಕತೆಯ ಲೆಕ್ಕದಲ್ಲಿ ಯಂತ್ರದೆದುರು ಈ ಕೈಗಳು ಸೋತೇ ಸೋಲುವವು. ಆ ಲೆಕ್ಕವೊಂದನ್ನೇ ಬಲ್ಲವರು ಅವುಗಳನ್ನು ಕೈಬಿಡುವದರಲ್ಲಿ ಆಶ್ಚರ್ಯವಿಲ್ಲ. ಲಡಿ, ಹಾಸು, ಹೊಕ್ಕು ಎಂದು ದಿನಾಲು ಆಡುವ ಆ ಜನರ ಬಳಿ ಕೆಲಸದ ಮಾತುಗಳು ಇನ್ನೂ ಎಷ್ಟಿವೆಯೋ! ‘ಹಾಸುಹೊಕ್ಕಾಗಿದೆ’ ಎಂದು ಪುಟಕ್ಕೊಮ್ಮೆ ಬರೆಯುವ ಲೇಖಕರಲ್ಲಿ ಮಗ್ಗದ ಮುಂದೆ ನಿಂತವರು ವಿರಳ. 2011ರ ಜನಗಣತಿಯಲ್ಲಿ 4 ಕೋಟಿ 37 ಲಕ್ಷ ಜನರು ಕನ್ನಡವನ್ನು ತಾಯ್ನುಡಿಯೆಂದು ಬರೆಯಿಸಿದರು. ಇಷ್ಟು ಜನರಿರುವ ನುಡಿಗೆ ಪಾರಿಭಾಷಿಕ ಶಬ್ದಕೋಶಗಳನ್ನು ರಚಿಸುವ ಪಂಡಿತರು, ಮುಂದಿನ ಸಂಪುಟದ ಅಚ್ಚಿಗೆ ಕೈಹಚ್ಚುವ ಮುಂಚೆ, ಹುಬ್ಬಳ್ಳಿಯ ನಿಲ್ದಾಣದಲ್ಲಿ ಇಳಿದು ಬೆಂಗೇರಿಯ ತನಕ ಹೋಗಿ, ಅಲ್ಲಿ ಹೊಲಿಗೆಗೆ ಕುಳಿತವರನ್ನು ಒಂದು ದಿನವಾದರೂ ಕೇಳಿ ಬರೆದುಕೊಳ್ಳತಕ್ಕದ್ದು.